ನಿಂತ ಕಾಲಿಗೂ ಬೇಕು ಒಂದಿಷ್ಟು ನಡಿಗೆ

ರಾಮನಗರದ ನಮ್ಮ ದೊಡ್ಡಮ್ಮನಿಗೆ ಸೀರೆ ಯಾವುದಾದರೂ ಆದೀತು, ಅಂಚು ಮಾತ್ರ ಹಿಮ್ಮಡಿ ಮುಚ್ಚುವಂತಿರಬೇಕು. ನೆಲ ಒರೆಸುವಾಗಲೂ ಅವರು ಸೀರೆ ಎತ್ತಿ ಕಟ್ಟಿದ್ದನ್ನು ನಾವು ಕಂಡಿಲ್ಲ. ಚಿಕ್ಕಂದಿನಲ್ಲಿ ಇದನ್ನು ಅವರ ಶಿಸ್ತು ಎಂದೇ ತಿಳಿದಿದ್ದೆವು. ರಾತ್ರಿ ಊಟವಾದ ಮೇಲೆ "ಕಾಲು ಒಸಿ ಒತ್ತವ್ವ" ಎಂದು ಕರೆಯುವರು. ಅದೂ ಸೀರೆಯ ಮೇಲಿಂದಲೇ. ಕೈಗೆ ಹಗ್ಗದ ಗಂಟಿನಂಥದ್ದು ಸಿಕ್ಕಿ, ಇದೇನು ದೊಡ್ಡಮ್ಮ ಎಂದರೆ, "ಏನಿಲ್ಲ ಕಣೆ, ನರ ಎದ್ದವೆ ಅಷ್ಟೆ. ವಯಸ್ಸಾಯ್ತಲ್ಲ" ಅನ್ನೋರು. ಆಗ ಅವರಿಗೆ ನಲವತ್ತೂ ತುಂಬಿರಲಿಲ್ಲ.

ಆ ಅಂಚಿನ ಗುಟ್ಟು ಬಯಲಾದದ್ದು ಒಂದು ದೀಪಾವಳಿಯ ಬೆಳಿಗ್ಗೆ. ಎಣ್ಣೆ ಹಚ್ಚಿಕೊಂಡು, ಹಂಡೆಯ ಸುಡುಸುಡು ನೀರು ಹುಯ್ದುಕೊಂಡು, ಕಲ್ಲಿನಿಂದ ಕಾಲು ಉಜ್ಜಿಕೊಳ್ಳುತ್ತಿದ್ದವರು "ಅಯ್ಯೋ" ಎಂದು ಕೂಗಿದರು. ಬಾಗಿಲು ತೆಗೆಸಿ ನೋಡಿದರೆ ಬಚ್ಚಲೆಲ್ಲ ರಕ್ತ. ಹರಡಿನ ಮೇಲೆ ಉಬ್ಬಿದ್ದ ಒಂದು ಗಂಟು ಒಡೆದು ರಕ್ತ ಚಿಮ್ಮುತ್ತಿತ್ತು. ನಮ್ಮಣ್ಣ ಗಾಬರಿಯಲ್ಲಿ ಟವೆಲ್ ತಂದು ಮೊಣಕಾಲಿನ ಕೆಳಗೆ ಬಿಗಿಯಾಗಿ ಬಿಗಿದ. ರಕ್ತ ನಿಲ್ಲುವುದಿರಲಿ, ಇನ್ನೂ ಜಾಸ್ತಿಯಾಯಿತು. ಪಕ್ಕದ ಮನೆಯಲ್ಲಿ ನಿವೃತ್ತ ನರ್ಸಮ್ಮ ಒಬ್ಬರಿದ್ದರು, ಪುಣ್ಯ. ಬಂದವರೇ "ಮೊದಲು ಬಿಚ್ರಿ ಅದನ್ನ" ಎಂದು ಗದರಿ, ದೊಡ್ಡಮ್ಮನನ್ನು ಅಲ್ಲೇ ಅಂಗಾತ ಮಲಗಿಸಿ, ಕಾಲನ್ನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಎತ್ತಿಟ್ಟು, ಮಡಿಸಿದ ಶುಭ್ರ ಬಟ್ಟೆಯನ್ನು ಗಾಯದ ಮೇಲೆ ಅಂಗೈಯಿಂದ ಒತ್ತಿ ಹಿಡಿದರು. ಹತ್ತೇ ನಿಮಿಷ. ರಕ್ತ ನಿಂತಿತು.

ಆವತ್ತು ನಾವೆಲ್ಲ ಮೊದಲ ಸಲ ಆ ಕಾಲನ್ನು ನೋಡಿದೆವು. ತೊಡೆಯಿಂದ ಹರಡಿನವರೆಗೆ ನೀಲಿ ನಾಳಗಳು ಬಳ್ಳಿಯ ಹಾಗೆ ಸುತ್ತಿಕೊಂಡಿದ್ದವು. ಹರಡಿನ ಸುತ್ತ ಚರ್ಮ ಕಪ್ಪಾಗಿ ಗಡಸಾಗಿತ್ತು. ಒಳಮಗ್ಗುಲಲ್ಲಿ ಒಂದು ರೂಪಾಯಿ ಅಗಲದ ಹಳೆಯ ಹುಣ್ಣು. ಅದಕ್ಕೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡು ಮೂರು ವರ್ಷ ಯಾರಿಗೂ ಹೇಳದೆ ತಿರುಗಾಡಿದ್ದರು. ಏಕೆ ಹೇಳಲಿಲ್ಲ ಎಂದರೆ, "ಕಾಲು ತೋರಿಸ್ಕಂಡು ಕೂರಕಾಯ್ತದ?" ಎಂಬುದಷ್ಟೇ ಉತ್ತರ.

ಈ ಲೇಖನ ಬರೆಯಲು ಆ ಬಚ್ಚಲುಮನೆಯೇ ಕಾರಣ. ವೈದ್ಯರು ವೆರಿಕೋಸ್ ವೇನ್ಸ್ ಎನ್ನುವ, ನಾವು 'ನರ ಉಬ್ಬೋದು' ಎನ್ನುವ ಈ ತೊಂದರೆ ಬಹಳ ಮನೆಗಳಲ್ಲಿ ಸೀರೆ, ಚೂಡಿದಾರದ ಮರೆಯಲ್ಲಿ ಅಡಗಿ ಕೂತಿರುತ್ತದೆ. ನಿಮ್ಮ ಮನೆಯಲ್ಲೂ ಇರಬಹುದು, ಒಂದು ಸಲ ವಿಚಾರಿಸಿ ನೋಡಿ.

ಉಬ್ಬುವುದು ನರವಲ್ಲ

ಮೊದಲು ಹೆಸರನ್ನು ಸರಿಮಾಡಿಕೊಳ್ಳೋಣ. ಮಾತಿನಲ್ಲಿ ನಾವು ನರ ಎಂದರೂ ಇಲ್ಲಿ ಉಬ್ಬುವುದು ರಕ್ತನಾಳ, ಅದರಲ್ಲೂ ರಕ್ತವನ್ನು ಹೃದಯಕ್ಕೆ ಹಿಂತಿರುಗಿಸುವ ಅಭಿಧಮನಿ. ಹೃದಯದಿಂದ ಪಾದಕ್ಕೆ ರಕ್ತ ಇಳಿದು ಬರುವುದು ಸುಲಭ. ಪಾದದಿಂದ ಎದೆಯವರೆಗೆ ಮೇಲಕ್ಕೆ ಹತ್ತಬೇಕಲ್ಲ, ಕಷ್ಟ ಇರುವುದು ಅಲ್ಲಿ. ಅದಕ್ಕಾಗಿ ಈ ನಾಳಗಳೊಳಗೆ ಅಲ್ಲಲ್ಲಿ ಪುಟ್ಟ ಕವಾಟಗಳಿವೆ. ರಕ್ತ ಮೇಲೇರುವಾಗ ತೆರೆದುಕೊಳ್ಳುತ್ತವೆ, ಕೆಳಗೆ ಜಾರಲು ಹೊರಟರೆ ಮುಚ್ಚಿಕೊಳ್ಳುತ್ತವೆ. ಬಾವಿಗೆ ಪಂಪು ಇಟ್ಟಿರುವ ಮನೆಯವರಿಗೆ ಫುಟ್ ವಾಲ್ವ್ ಗೊತ್ತಲ್ಲ, ಅದೇ ಕೆಲಸ. ವಾಲ್ವ್ ಸೋರಿದರೆ ಪೈಪಿನ ನೀರೆಲ್ಲ ಹೇಗೆ ಕೆಳಗಿಳಿಯುತ್ತದೋ ಹಾಗೆಯೇ ಕವಾಟ ಸಡಿಲವಾದರೆ ರಕ್ತ ಕೆಳಗೆ ನಿಂತು, ಚರ್ಮದ ಕೆಳಗಿನ ನಾಳಗಳು ಹಿಗ್ಗಿ, ಉದ್ದವಾಗಿ, ಜಾಗ ಸಾಲದೆ ಸೊಟ್ಟಗೆ ಸುತ್ತಿಕೊಳ್ಳುತ್ತವೆ.

ಈ ಕವಾಟಗಳ ಬಗ್ಗೆ 1603ರಲ್ಲೇ ಇಟಲಿಯ ಪಡುವಾ ಪಟ್ಟಣದ ಫ್ಯಾಬ್ರೀಷಿಯಸ್ ಎಂಬ ಅಧ್ಯಾಪಕರು ಪುಸ್ತಕ ಬರೆದಿದ್ದರು. ಅವುಗಳ ಕೆಲಸವೇನೆಂದು ಸರಿಯಾಗಿ ಹೇಳಿದ್ದು ಅವರ ಶಿಷ್ಯ ವಿಲಿಯಂ ಹಾರ್ವೆ, 1628ರಲ್ಲಿ. ದೊಡ್ಡ ಉಪಕರಣವೇನೂ ಬೇಕಿರಲಿಲ್ಲ, ತೋಳಿಗೊಂದು ಪಟ್ಟಿ ಕಟ್ಟಿ ಎದ್ದ ನಾಳವನ್ನು ಬೆರಳಿನಿಂದ ಒತ್ತಿ ತೋರಿಸಿದ. ನೀವು ಇನ್ನೂ ಸುಲಭವಾಗಿ ನೋಡಬಹುದು. ಕೈಯನ್ನು ಒಂದು ನಿಮಿಷ ಕೆಳಗೆ ಜೋಲುಬಿಡಿ, ಮುಂಗೈ ಮೇಲೆ ನಾಳಗಳು ಎದ್ದು ಕಾಣುತ್ತವೆ. ಅದೇ ಕೈಯನ್ನು ತಲೆಯ ಮೇಲಕ್ಕೆತ್ತಿ, ಮಾಯ! ಕಾಲು ದಿನವಿಡೀ ಜೋಲುಬಿಟ್ಟ ಕೈಯ ಸ್ಥಿತಿಯಲ್ಲೇ ಇರುತ್ತದೆ.

ಹಾಗಾದರೆ ಎಲ್ಲರಿಗೂ ಏಕೆ ಉಬ್ಬುವುದಿಲ್ಲ? ಮೀನಖಂಡ ಇದೆಯಲ್ಲ, ಅದು ಕಾಲಿನ ಪಂಪು. ಹೆಜ್ಜೆ ಇಟ್ಟಾಗಲೆಲ್ಲ ಅದು ಬಿಗಿದು, ಒಳಗಿನ ನಾಳಗಳನ್ನು ಹಿಂಡಿ, ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕೆಲವು ವೈದ್ಯರು ಇದನ್ನು ಎರಡನೆಯ ಹೃದಯ ಎಂದೇ ಕರೆಯುತ್ತಾರೆ. ಅಳತೆಯ ಮಾತಿನಲ್ಲಿ ಹೇಳುವುದಾದರೆ, ಅಲ್ಲಾಡದೆ ನಿಂತ ಮನುಷ್ಯನ ಹರಡಿನ ಅಭಿಧಮನಿಯಲ್ಲಿ ಒತ್ತಡ ಸುಮಾರು 80ರಿಂದ 90 ಇರುತ್ತದೆ, ಬಿ.ಪಿ. ನೋಡುವಾಗ ಹೇಳುತ್ತಾರಲ್ಲ, ಅದೇ ಪಾದರಸದ ಅಳತೆ. ಆರೋಗ್ಯವಂತ ಕಾಲಾದರೆ, ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಿದರೆ ಸಾಕು, ಅದು 30ಕ್ಕಿಂತ ಕೆಳಗೆ ಬರುತ್ತದೆ. ಹತ್ತೇ ಸಲ! ನನಗೆ ಇದನ್ನು ಓದಿದಾಗ ಹೊಟ್ಟೆ ಉರಿಯಿತು. ದೊಡ್ಡಮ್ಮನಿಗೆ ಇಪ್ಪತ್ತು ವರ್ಷದ ಹಿಂದೆ ಯಾರಾದರೂ ಇಷ್ಟು ಹೇಳಿದ್ದರೆ!

ನಾಲ್ಕು ಊರಿನ ನಿಂತ ಕಾಲುಗಳು

ದೊಡ್ಡಮ್ಮನ ಮನೆಯದು ನೂಲು ಬಿಚ್ಚಾಣಿಕೆಯ ಕಸುಬು. ರಾಮನಗರದ ಗೂಡಿನ ಮಾರುಕಟ್ಟೆಯಿಂದ ಬೆಳಿಗ್ಗೆ ರೇಷ್ಮೆಗೂಡು ಬಂದರೆ, ಬೇಸಿನ್ನಿನ ಮುಂದೆ ನಿಂತು ಬಿಸಿನೀರಿನಲ್ಲಿ ತೇಲುವ ಗೂಡುಗಳ ಎಳೆ ಹಿಡಿದು, ಕಡಿದದ್ದನ್ನು ಕೂಡಿಸುತ್ತ ಸಂಜೆಯವರೆಗೆ ನಿಲ್ಲಬೇಕು. ಕಣ್ಣು, ಕೈ ಎರಡೂ ಎಳೆಯ ಮೇಲೆ. ಕಾಲು ಒಂದು ಇದೆ ಎಂಬುದೇ ಮರೆತುಹೋಗುತ್ತದೆ. ಮೇಲೆ ಹಬೆ, ಕೆಳಗೆ ಒದ್ದೆ ನೆಲ. ಶಾಖಕ್ಕೆ ಚರ್ಮದ ಕೆಳಗಿನ ನಾಳಗಳು ಇನ್ನಷ್ಟು ಅರಳುತ್ತವೆ.

ಹಳ್ಳಿಗಳ ಕಡೆ ಹೋದರೆ ಹುಳು ಸಾಕುವ ಮನೆಗಳು. ಕನಕಪುರದ ಸುತ್ತ ಹಿಪ್ಪುನೇರಳೆ ಇಲ್ಲದ ಊರು ಹುಡುಕಬೇಕು. ಹುಳು ಕೊನೆಯ ಜ್ವರ ಎದ್ದ ಮೇಲಿನ ಒಂದು ವಾರ ಮನೆಯ ಹೆಂಗಸಿಗೆ ಹಗಲು ರಾತ್ರಿ ಎಂಬುದಿಲ್ಲ. ಸೊಪ್ಪು ಕೊಯ್ದು ತರುವುದು, ಹಾಸುವುದು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವುದು. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ತೋಟಕ್ಕೂ ಮನೆಗೂ ಓಡಾಡುವ ಕೆಲಸ ಕಾಲಿಗೆ ಆಯಾಸ ಕೊಟ್ಟೀತು, ನಾಳಕ್ಕೆ ಅಷ್ಟು ಕೆಡುಕಲ್ಲ. ಹುಳು ಆರಿಸುತ್ತ ಒಂದೇ ಕಡೆ ಮೂರು ಗಂಟೆ ನಿಲ್ಲುವುದಿದೆಯಲ್ಲ, ಅದು ಕೆಡುಕು.

ಚನ್ನಪಟ್ಟಣದ ಗೊಂಬೆ ಕೆಲಸದವರದು ಬೇರೆ ಪರಿ. ಹಾಲೆ ಮರದ ತುಂಡನ್ನು ಲೇತಿಗೆ ಕಟ್ಟಿ, ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಿಂದ ಹೊಳಪು ಕೊಡುವವರು ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಇರುತ್ತಾರೆ. ಕೂತಿದ್ದರೆ ಏನೂ ಆಗದು ಎಂದುಕೊಳ್ಳಬೇಡಿ. ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಅಲ್ಲಾಡದೆ ಕೂತರೂ ಪಂಪು ನಿಂತೇ ಇರುತ್ತದೆ. ಮಾಗಡಿಯಿಂದ ಬೆಂಗಳೂರಿನ ಅಂಗಡಿ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿಬರುವ ಹೆಣ್ಣುಮಕ್ಕಳಿಗೆ ಅಲ್ಲಿ ನಿಂತದ್ದು ಸಾಲದು ಎಂಬಂತೆ ಬಸ್ಸಿನಲ್ಲೂ ಕಂಬಿ ಹಿಡಿದು ನಿಲ್ಲುವ ಯೋಗ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ಟಿನ ದುಡ್ಡು ಉಳಿಯಿತು, ನಿಜ. ಸೀಟಿನ ಮಾತು ಮಾತ್ರ ಕೇಳಬೇಡಿ!

ಇನ್ನು, ಹೊರಗೆ ದುಡಿಯದ ನಾವು? ನಮ್ಮಜ್ಜಿ ನೆಲದ ಒಲೆ ಮುಂದೆ ಮಣೆ ಹಾಕಿ ಕೂತು ಅಡುಗೆ ಮಾಡಿದರು. ಕಡೆಯುವುದಕ್ಕೆ, ನೀರಿಗೆ, ಸೌದೆಗೆ ಎಂದು ನೂರು ಸಲ ಎದ್ದು ಕೂತರು. ಗ್ಯಾಸ್ ಬಂತು, ಗ್ರಾನೈಟಿನ ಕಟ್ಟೆ ಬಂತು, ಹೊಗೆ ಹೋಯಿತು. ಅದಕ್ಕೆ ಸಾವಿರ ನಮಸ್ಕಾರ. ಆದರೆ ಹೆಚ್ಚುವುದು, ಹುರಿಯುವುದು, ತೊಳೆಯುವುದು ಎಲ್ಲವೂ ಕೈಗೆಟಕುವ ಎರಡು ಹೆಜ್ಜೆಯೊಳಗೆ ಬಂದು, ನಾವು ಅಡುಗೆಮನೆಯ ಕಂಬವಾದೆವು. ಹಬ್ಬದ ದಿನ ಬೆಳಿಗ್ಗೆ ಐದಕ್ಕೆ ನಿಂತವರು ಮಧ್ಯಾಹ್ನ ಎರಡಕ್ಕೆ, ಅದೂ ಎಲ್ಲರ ಊಟವಾದ ಮೇಲೆ ಕೂರುತ್ತೇವೆ.

ಕಟ್ಟೆಯ ಮುಂದೆ ಮಾಡಬಹುದಾದದ್ದು

ಒಂದು ವಿಷಯ ಪ್ರಾಮಾಣಿಕವಾಗಿ ಹೇಳಿಬಿಡಬೇಕು. ಈ ತೊಂದರೆ ಬಾರದ ಹಾಗೆ ಪೂರ್ತಿ ತಡೆಯುವ ಉಪಾಯ ಯಾರ ಬಳಿಯೂ ಇಲ್ಲ. ತಾಯಿಗೋ ತಂದೆಗೋ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ವಯಸ್ಸು, ಬಸಿರು, ಮೈತೂಕ ಇವೂ ಸೇರಿಕೊಳ್ಳುತ್ತವೆ. ವಂಶವನ್ನು ಬದಲಿಸಲಾಗದು. ಕಾಲಿನ ಮೇಲೆ ಬೀಳುವ ಹೊರೆಯನ್ನು ಇಳಿಸಬಹುದು, ಬಂದದ್ದು ಹುಣ್ಣಿನವರೆಗೆ ಹೋಗದ ಹಾಗೆ ಹಿಡಿಯಬಹುದು. ಇದು ಸಣ್ಣ ಲಾಭವೇನಲ್ಲ.

ಅನ್ನ ಬೇಯುವಾಗ, ಹಾಲು ಉಕ್ಕುವುದನ್ನು ಕಾಯುವಾಗ ಕಟ್ಟೆಯನ್ನು ಹಗುರವಾಗಿ ಹಿಡಿದು ಎರಡೂ ಹಿಮ್ಮಡಿ ಎತ್ತಿ, ತುದಿಗಾಲಿನ ಮೇಲೆ ನಿಂತು, ನಿಧಾನವಾಗಿ ಇಳಿಯಿರಿ. ಹತ್ತು ಹದಿನೈದು ಸಲ ಸಾಕು. ಅರ್ಧ ಗಂಟೆಗೊಮ್ಮೆಯಾದರೂ ಇದಾಗಲಿ. ಕುಕ್ಕರ್ ಕೂಗಿದಾಗಲೆಲ್ಲ ಮಾಡುವುದೆಂದು ನಾನು ಇಟ್ಟುಕೊಂಡಿದ್ದೇನೆ, ಮರೆಯುವ ಪ್ರಶ್ನೆಯೇ ಇಲ್ಲ. ಮನೆಯವರು ನಗುತ್ತಾರೆ, ನಗಲಿ. ಅಡುಗೆಮನೆಯಲ್ಲಿ ಒಂದು ಎತ್ತರದ ಸ್ಟೂಲು ಇಡಿಸಿಕೊಳ್ಳಿ. ಅವರೆಕಾಯಿ ಸುಲಿಯುವುದು, ಸೊಪ್ಪು ಬಿಡಿಸುವುದು, ಚಪಾತಿ ಲಟ್ಟಿಸುವುದು ಇವನ್ನು ನಿಂತೇ ಮಾಡಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಕೂತಾಗಲೂ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ, ಹೊಲಿಗೆ ಯಂತ್ರದ ಪೆಡಲ್ ತುಳಿದ ಹಾಗೆ. ಕಾಲಿನಿಂದ ತುಳಿಯುವ ಹಳೆಯ ಯಂತ್ರ ಈ ಮಟ್ಟಿಗೆ ಮೋಟಾರಿನದಕ್ಕಿಂತ ಮೇಲು ಎಂದು ನನ್ನ ಲೆಕ್ಕ.

ನಡಿಗೆಗೆ ಸಮನಾದದ್ದು ಬೇರೆ ಇಲ್ಲ. ದಿನಕ್ಕೆ ಅರ್ಧ ಗಂಟೆ, ಒಟ್ಟಿಗೆ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ. ನಮ್ಮ ಕಡೆಯ ಊರುಗಳಲ್ಲಿ ಬೆಟ್ಟಕ್ಕೇನು ಬರ? ರೇವಣಸಿದ್ದೇಶ್ವರ ಬೆಟ್ಟದ ಮೆಟ್ಟಿಲನ್ನು ವರ್ಷಕ್ಕೊಮ್ಮೆ ಹರಕೆಗೆಂದು ಹತ್ತುವ ಬದಲು, ಮಂಡಿನೋವು ಇಲ್ಲದವರು ಬಿಡುವಾದಾಗ ಹತ್ತಿದರೆ ಮೀನಖಂಡಕ್ಕೆ ಅದಕ್ಕಿಂತ ಒಳ್ಳೆಯ ಸಾಧನೆ ಸಿಗಲಾರದು. ದಿನವಿಡೀ ಎತ್ತರದ ಹಿಮ್ಮಡಿಯ ಚಪ್ಪಲಿ ಮೆಟ್ಟಿದರೆ ಹರಡು ಸರಿಯಾಗಿ ಮಡಿಯದೆ ಮೀನಖಂಡದ ಕೆಲಸ ಕುಗ್ಗುತ್ತದೆ. ಅದು ಮದುವೆ ಮನೆಗೆ ಸಾಕು.

ಸಂಜೆ ಹದಿನೈದು ಇಪ್ಪತ್ತು ನಿಮಿಷ ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ಇಟ್ಟು ಮಲಗಿ. ಗೋಡೆಗೆ ಆನಿಸಿ, ಇಲ್ಲವೇ ಎರಡು ದಿಂಬು ಇಡಿ. ಬರೀ ಮೋಡದ ಮೇಲೆ ಕಾಲು ಚಾಚಿದರೆ ಸಾಲದು, ಕಾಲು ಎದೆಗಿಂತ ಎತ್ತರಕ್ಕೆ ಹೋಗಬೇಕು. ಹೃದಯದ ಕಾಯಿಲೆ, ಉಬ್ಬಸ ಇರುವವರು ವೈದ್ಯರನ್ನು ಕೇಳಿ ಮಾಡಿ. "ಹಗಲು ಹೊತ್ತು ಮಲಗಿದರೆ ಅತ್ತೆ ಏನಂದುಕೊಂಡಾರು" ಎಂದು ನೀವು ಯೋಚಿಸುತ್ತಿದ್ದರೆ, ಅತ್ತೆಯವರನ್ನೂ ಪಕ್ಕದಲ್ಲೇ ಮಲಗಿಸಿ. ಅವರ ಕಾಲೂ ನಿಮ್ಮದಕ್ಕಿಂತ ಸುಖವಾಗಿರುವುದಿಲ್ಲ.

ಕೂರುವುದಕ್ಕೂ ಕಾನೂನು

ಮಗಳೋ ಸೊಸೆಯೋ ಸೀರೆ ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ನಿಂತು ದುಡಿಯುತ್ತಿದ್ದರೆ ಇದನ್ನು ಅವರಿಗೆ ಓದಿ ಹೇಳಿ. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ ಎಂಬ ಕಟ್ಟುಪಾಡಿನ ವಿರುದ್ಧ ಕೇರಳದ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದರು. ಕಾಲುನೋವು, ಉಬ್ಬಿದ ನಾಳಗಳು ಅವರ ದೂರಿನಲ್ಲಿದ್ದವು. 2018ರಲ್ಲಿ ಅಲ್ಲಿನ ಸರ್ಕಾರ ಅಂಗಡಿಗಳ ಕಾಯ್ದೆ ತಿದ್ದಿ, ಕೆಲಸದವರಿಗೆ ಕೂರಲು ಆಸನ ಕೊಡಲೇಬೇಕೆಂದಿತು. 2021ರಲ್ಲಿ ತಮಿಳುನಾಡೂ ಹಾಗೆಯೇ ಮಾಡಿತು. ಕಾರ್ಖಾನೆಗಳ ಮಾತಾದರೆ, ನಿಂತು ಕೆಲಸ ಮಾಡುವವರಿಗೆ ಸಂದು ಸಿಕ್ಕಾಗ ಕೂರಲು ಏರ್ಪಾಡು ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಎಷ್ಟು ಕಡೆ ಆ ಬೆಂಚು ಕಂಡಿದೆ ಎಂದು ದುಡಿದವರೇ ಹೇಳಬೇಕು.

ಬಸಿರು, ಬಾಣಂತನ

ಮೊದಲ ಸಲ ನಾಳ ಉಬ್ಬುವುದನ್ನು ಬಹಳ ಹೆಂಗಸರು ಕಾಣುವುದು ಬಸಿರಿನಲ್ಲಿ. ಆಗ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಹಾರ್ಮೋನುಗಳಿಂದ ನಾಳದ ಗೋಡೆ ಸಡಿಲವಾಗುತ್ತದೆ, ಬೆಳೆದ ಗರ್ಭಕೋಶ ಹೊಟ್ಟೆಯೊಳಗಿನ ದೊಡ್ಡ ಅಭಿಧಮನಿಯನ್ನು ಒತ್ತುತ್ತದೆ. ಎಡಮಗ್ಗುಲಾಗಿ ಮಲಗಿದರೆ ಆ ಒತ್ತು ಕಡಿಮೆ. ಹೆರಿಗೆಯಾಗಿ ಕೆಲವು ತಿಂಗಳಲ್ಲಿ ಹೆಚ್ಚಿನವರಿಗೆ ಇಳಿಯುತ್ತದೆ, ಗಾಬರಿ ಬೇಡ. ಪ್ರತಿ ಬಸಿರಿಗೂ ಸ್ವಲ್ಪ ಸ್ವಲ್ಪ ಉಳಿದುಬಿಡುವುದೂ ಉಂಟು. "ಮಕ್ಕಳಾಗದ ಆಪರೇಷನ್ ಮಾಡಿಸ್ಕಂಡ ಮೇಲೆ ನರ ಎದ್ದೋ" ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆಪರೇಷನ್ ಪಾಪ, ಏನೂ ಮಾಡಿಲ್ಲ. ಅದಕ್ಕೆ ಮುಂಚಿನ ಎರಡು ಮೂರು ಬಸಿರಿನ ಫಲ ಅದು.

ಬಾಣಂತನದ ಬಗ್ಗೆ ಹಿರಿಯರ ಜೊತೆ ಸ್ವಲ್ಪ ಜಗಳವಾಡಲೇಬೇಕಾಗಿದೆ. ಬೆಚ್ಚನೆಯ ಕೋಣೆ, ಪಥ್ಯ, ವಿಶ್ರಾಂತಿ ಎಲ್ಲ ಸರಿ. ಆದರೆ ತಿಂಗಳುಗಟ್ಟಲೆ ಮಂಚ ಬಿಟ್ಟಿಳಿಯದೆ ಮಲಗುವುದು, "ನೀರು ಜಾಸ್ತಿ ಕುಡಿದರೆ ಹೊಟ್ಟೆ ಬರ್ತದೆ" ಎಂದು ಲೋಟದಲ್ಲಿ ಅಳೆದು ಕೊಡುವುದು, ಇವೆರಡೂ ಅಪಾಯಕ್ಕೆ ದಾರಿ. ಹೆರಿಗೆಯ ನಂತರದ ಆರು ವಾರ ಕಾಲಿನ ಒಳನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಬೇರೆ ದಿನಗಳಿಗಿಂತ ಬಹಳ ಹೆಚ್ಚು. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಬಂದೀತು. ಬಾಣಂತಿ ಬಾಯಾರಿಕೆಯಾದಷ್ಟೂ ನೀರು ಕುಡಿಯಲಿ, ವೈದ್ಯರು ಎದ್ದೇಳಬಹುದು ಎಂದ ದಿನದಿಂದಲೇ ಕೋಣೆಯೊಳಗೆ ನಾಲ್ಕು ಹೆಜ್ಜೆ ಓಡಾಡಲಿ. ಮಲಗಿದ್ದಾಗಲೂ ಪಾದ ಆಡಿಸುತ್ತಿರಲಿ.

ತಟ್ಟೆಯಲ್ಲಿ ಏನಿರಬೇಕು

ಉಬ್ಬಿದ ನಾಳವನ್ನು ಇಳಿಸುವ ಆಹಾರವೆಂಬುದು ಇಲ್ಲ. ಆದರೆ ತೂಕ ಹೆಚ್ಚಿದಷ್ಟೂ ಕಾಲಿಗೆ ಭಾರ. ಮಲಬದ್ಧತೆಯಿಂದ ದಿನವೂ ತಿಣುಕುವುದು ಇದಕ್ಕೆ ಕಾರಣವೆಂದು ಡೆನಿಸ್ ಬರ್ಕಿಟ್ ಎಂಬ ವೈದ್ಯರು 1972ರಲ್ಲಿ ವಾದಿಸಿದ್ದರು. ಆಫ್ರಿಕದಲ್ಲಿ ಬಹಳ ಕಾಲ ಕೆಲಸ ಮಾಡಿದವರು ಅವರು. ನಾರಿನಂಶ ಹೆಚ್ಚಾಗಿ ತಿನ್ನುವ ಅಲ್ಲಿನ ಹಳ್ಳಿಗರಲ್ಲಿ ಈ ತೊಂದರೆ ಅಪರೂಪವೆಂಬುದು ಅವರ ಆಧಾರ. ಆ ವಾದ ಪೂರ್ತಿ ಸಾಬೀತಾಗಿಲ್ಲ. ಆದರೂ ಹೊಟ್ಟೆ ಸಲೀಸಾಗಿದ್ದರೆ ಮೂಲವ್ಯಾಧಿಯಾದರೂ ದೂರವಿದ್ದೀತು.

ಅದಕ್ಕೆ ನಾವು ಪೇಟೆಯ ಪುಡಿ ಡಬ್ಬಿ ಹುಡುಕಬೇಕಾಗಿಲ್ಲ. ರಾಗಿ ಮುದ್ದೆ, ಬಸ್ಸಾರು ಇದ್ದರೆ ಸಾಕು. ಒಂದು ಲೋಟ ಹೆಸರುಕಾಳನ್ನೋ ಅಲಸಂದೆಯನ್ನೋ ಬೇಯಲು ಇಟ್ಟು, ಮುಕ್ಕಾಲು ಬೆಂದಾಗ ಎರಡು ಕಟ್ಟು ದಂಟಿನ ಸೊಪ್ಪು ಹೆಚ್ಚಿ ಹಾಕಿ, ಕಟ್ಟನ್ನು ಬಸಿಯಿರಿ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಒಂದು ಹಿಡಿ ಕಾಯಿತುರಿ, ಹುಣಿಸೆಹಣ್ಣು, ಜೊತೆಗೆ ಬೆಂದ ಕಾಳುಸೊಪ್ಪು ಒಂದು ಸೌಟು ಸೇರಿಸಿ ರುಬ್ಬಿ, ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಕಾಲು ಊದಿಕೊಳ್ಳುವವರು ಉಪ್ಪಿನಕಾಯಿ, ಹಪ್ಪಳದ ಕಡೆ ಕೈ ಬಿಗಿ ಹಿಡಿಯಿರಿ.

ಕಾಲುಚೀಲ, ತೈಲ, ಮತ್ತೆ ಕೆಲವು ನಂಬಿಕೆಗಳು

ಬಿಗಿ ಕಾಲುಚೀಲ ಈ ತೊಂದರೆಗೆ ಹಳೆಯ, ಒಳ್ಳೆಯ ಸಂಗಾತಿ. ಹರಡಿನಲ್ಲಿ ಹೆಚ್ಚು ಬಿಗಿ, ಮೇಲೆ ಹೋದಂತೆ ಸಡಿಲ, ಹಾಗೆ ನೇಯ್ದಿರುತ್ತದೆ. ಮೆಡಿಕಲ್ ಸ್ಟೋರಿಗೆ ಹೋಗಿ ಸಿಕ್ಕಿದ್ದನ್ನು ಕೊಳ್ಳಬೇಡಿ. ಕಾಲಿನ ಅಳತೆ ತೆಗೆದು, ಪಾದದ ನಾಡಿ ನೋಡಿ ವೈದ್ಯರು ಹೇಳಿದ ಮೇಲೆಯೇ ಕೊಳ್ಳಬೇಕು. ಸಕ್ಕರೆ ಕಾಯಿಲೆಯವರಲ್ಲಿ, ಬೀಡಿ ಸಿಗರೇಟು ಸೇದುವ ಗಂಡಸರಲ್ಲಿ ಪಾದಕ್ಕೆ ಇಳಿಯುವ ರಕ್ತವೇ ಕಡಿಮೆ ಇರಬಹುದು. ಅಂಥ ಕಾಲಿಗೆ ಬಿಗಿ ಚೀಲ ಹಾಕಿದರೆ ಕೆಡುಕೇ. ಬೆಳಿಗ್ಗೆ ಮಂಚದಿಂದ ಇಳಿಯುವ ಮೊದಲೇ, ಕಾಲು ಊದುವ ಮುಂಚೆ ಹಾಕಿಕೊಂಡು ರಾತ್ರಿ ತೆಗೆಯಬೇಕು. ಮೇಲಿನ ಅಂಚು ಸುರುಳಿ ಸುತ್ತಿದರೆ ಅದೇ ಹಗ್ಗ ಕಟ್ಟಿದ ಹಾಗಾಗುತ್ತದೆ, ನೋಡಿಕೊಳ್ಳಿ. ನಮ್ಮ ಸೆಕೆಗೆ ಇದು ಹಿಂಸೆಯೇ, ಇಲ್ಲವೆನ್ನುವುದಿಲ್ಲ. ದೊಡ್ಡಮ್ಮ ಮೊದಲ ಎರಡು ತಿಂಗಳು ಬೈಯದ ದಿನವಿಲ್ಲ.

ಎಣ್ಣೆ ಹಚ್ಚಿ ಹಗುರವಾಗಿ ಸವರಿದರೆ ಹಾಯೆನಿಸಬಹುದು, ನಾಳ ಇಳಿಯುವುದಿಲ್ಲ. ಉಬ್ಬಿದ ಜಾಗವನ್ನು ಒತ್ತಿ ತಿಕ್ಕುವುದು, ಸುಡುನೀರು ಹುಯ್ಯುವುದು, ಕಲ್ಲಿನಿಂದ ಉಜ್ಜುವುದು ಬೇಡವೇ ಬೇಡ. ಆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿರುತ್ತದೆ. ಕಾಲ ಮೇಲೆ ಕಾಲು ಹಾಕಿ ಕೂತರೆ ನಾಳ ಉಬ್ಬುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಹರಡಿನ ಹತ್ತಿರ ಕಪ್ಪಾಗಿ ನವೆ ಬಂದರೆ ಅದನ್ನು ಇಸುಬು ಎಂದುಕೊಂಡು ಅಂಗಡಿಯಿಂದ ಮುಲಾಮು ತಂದು ವರ್ಷಗಟ್ಟಲೆ ಹಚ್ಚುವವರಿದ್ದಾರೆ. ನಾಳದಲ್ಲಿ ನಿಂತ ರಕ್ತದ ಗುರುತು ಅದಾಗಿರಬಹುದು, ಹುಣ್ಣಿಗೆ ಮುಂಚಿನ ಹಂತ. ಹುಣ್ಣೇ ಆಗಿದ್ದರೆ ಅರಿಶಿನ, ಸುಣ್ಣ, ಹೊಗೆಸೊಪ್ಪು ಯಾವುದನ್ನೂ ಮೆತ್ತಬೇಡಿ.

ಯಾವಾಗ ತಡಮಾಡಬಾರದು

ರಕ್ತ ಬಂದರೆ ಏನು ಮಾಡಬೇಕೆಂದು ಮೇಲೆ ಹೇಳಿದ್ದೇನೆ: ಮಲಗಿಸಿ, ಕಾಲೆತ್ತಿ, ಗಾಯದ ಮೇಲೆ ಒತ್ತಿ ಹಿಡಿದು, ಆಮೇಲೆ ಆಸ್ಪತ್ರೆಗೆ. ಮೇಲ್ಗಡೆ ಕಟ್ಟು ಬಿಗಿದರೆ ಹೃದಯದ ಕಡೆ ಹೋಗುವ ದಾರಿ ಮುಚ್ಚಿ ರಕ್ತವೆಲ್ಲ ಗಾಯದಿಂದಲೇ ಹೊರಬರುತ್ತದೆ, ನಮ್ಮಣ್ಣ ಮಾಡಿದ ಎಡವಟ್ಟು ಅದೇ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಮೀನಖಂಡ ನೋಯುತ್ತ ಬಿಸಿಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ಎದೆನೋವು, ಏದುಸಿರು ಇದ್ದರೆ 108ಕ್ಕೆ ಫೋನ್ ಮಾಡಿ. ಎರಡೂ ಕಾಲು ಒಟ್ಟಿಗೆ ಊದುತ್ತಿದ್ದರೆ ಹೃದಯ, ಮೂತ್ರಪಿಂಡ, ರಕ್ತಹೀನತೆ ಇವನ್ನೂ ಪರೀಕ್ಷಿಸಬೇಕಾದೀತು.

ದೊಡ್ಡಮ್ಮನಿಗೆ ಡಾಪ್ಲರ್ ಸ್ಕ್ಯಾನ್ ಮಾಡಿ ಯಾವ ಕವಾಟ ಸೋರುತ್ತಿದೆ ಎಂದು ನೋಡಿದರು. ಹಿಂದಿನ ಹಾಗೆ ತೊಡೆಯಿಂದ ನಾಳ ಕಿತ್ತು ತೆಗೆಯುವ ಆಪರೇಷನ್ ಎಲ್ಲರಿಗೂ ಬೇಕಾಗುವುದಿಲ್ಲ. ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ಕೆಟ್ಟ ನಾಳವನ್ನು ಒಳಗಿನಿಂದಲೇ ಮುಚ್ಚುವ, ಔಷಧದ ನೊರೆ ಚುಚ್ಚಿ ಮುಚ್ಚುವ ವಿಧಾನಗಳಿವೆ. ಕೆಟ್ಟದ್ದನ್ನು ಮುಚ್ಚಿದರೆ ರಕ್ತ ಹೋಗುವುದು ಹೇಗೆ ಎಂಬ ಭಯ ಬೇಡ, ಒಳಗಿನ ಆಳದ ನಾಳಗಳು ಆ ಕೆಲಸ ನೋಡಿಕೊಳ್ಳುತ್ತವೆ. ಇವರಿಗೆ ಲೇಸರ್ ಆಯಿತು, ಸಂಜೆಯೇ ನಡೆಸಿದರು. ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಮೂರು ವರ್ಷ ಅರಿಶಿನಕ್ಕೆ ಮಾಯದ್ದು.

ಆಸ್ಪತ್ರೆಗೆ ಹೊರಡುವವರಿಗೆ ಅನುಭವದಿಂದ ಕಲಿತ ಒಂದು ಮಾತು. ಮಲಗಿದರೆ ಉಬ್ಬಿದ ನಾಳ ಇಳಿದು ಕಾಣದೇ ಹೋಗುತ್ತದೆ. ಎದ್ದು ನಿಂತೇ ತೋರಿಸಬೇಕು, ಕಾಲು ತೊಡೆಯವರೆಗೆ ಕಾಣುವ ಹಾಗೆ. ನಾಚಿಕೆಯಾದರೆ ಮಗಳನ್ನೋ ಅಕ್ಕತಂಗಿಯನ್ನೋ ಒಳಗೆ ಕರೆದುಕೊಂಡು ಹೋಗಿ, ನರ್ಸ್ ಒಬ್ಬರು ಜೊತೆಗಿರಲಿ ಎಂದು ಕೇಳಿ; ಕೇಳುವ ಹಕ್ಕು ನಿಮಗಿದೆ. ದೊಡ್ಡಮ್ಮನ ಜೊತೆ ಹೋದವಳು ನಾನು. ಸೀರೆ ಎತ್ತಿ ಹಿಡಿದು ನಿಂತವರು ಗೋಡೆಯ ಕಡೆ ಮುಖ ಮಾಡಿ, "ಏನಂದ್ರು ಕೇಳು ಮಗ, ನಂಗೆ ಕೇಳಿಸ್ತಿಲ್ಲ" ಎಂದರು.